ಹಂಗಿಲ್ಲದ ಪುಸ್ತಕ

ದಾನ ಪಡೆದವನಿಗೆ ಹಂಗು ತಪ್ಪಿದ್ದಲ್ಲ. ಅನ್ನದ ಹಂಗನ್ನಾದರೂ ದುಡಿದು ತೀರಿಸಬಹುದು. ಅರಿವಿನ ಹಂಗು ಹಾಗಲ್ಲ, ಅದು ಯೋಚನೆಯೊಳಗೇ ಸೇರಿಕೊಳ್ಳುತ್ತದೆ. ಹಾಗಿದ್ದರೆ ಒಂದು ಧರ್ಮದತ್ತಿ ಸಾರ್ವಜನಿಕ ಗ್ರಂಥಾಲಯಕ್ಕೆ ಹಣ ಕೊಟ್ಟಾಗ ಓದುಗ ಯಾರ ಋಣಿ? ನೀಲಗಿರಿಯ ನಂಜನಾಡು ಎಂಬ ಹಳ್ಳಿಯಿಂದ ನೋಡಿದರೆ ಪ್ರಶ್ನೆ ಸ್ಪಷ್ಟವಾಗುತ್ತದೆ. ಗ್ರಂಥಾಲಯ ವಿಜ್ಞಾನಿ ಎಸ್. ಆರ್. ರಂಗನಾಥನ್ ಅವರ ಪ್ರಯತ್ನದಿಂದ 1948ರಲ್ಲಿ ಬಂದ ಮದ್ರಾಸ್ ಗ್ರಂಥಾಲಯ ಕಾಯ್ದೆ ಮನೆ ತೆರಿಗೆಯ ಮೇಲೆ ಗ್ರಂಥಾಲಯ ಕರ ಹಾಕಿತು; ಈಗ ಅದು ರೂಪಾಯಿಗೆ 10 ಪೈಸೆ. ಆಲೂಗಡ್ಡೆ ಬೆಳೆದು ಮನೆ ತೆರಿಗೆ ಕಟ್ಟುವ ನಂಜನಾಡಿನ ಬಡಗ ರೈತ, ಆ ಕಾಯ್ದೆಯ ಕಣ್ಣಲ್ಲಿ, ಗ್ರಂಥಾಲಯದ ಪಾಲುದಾರನೇ ಹೊರತು ಯಾಚಕನಲ್ಲ. ಹತ್ತಿರದ ಊಟಿಯಲ್ಲೇ 1859ರ ನೀಲಗಿರಿ ಲೈಬ್ರರಿ ಇದೆ. ಕಟ್ಟಡ ಸೊಗಸು, ಸಂಗ್ರಹ ದೊಡ್ಡದು. ಆದರೆ ಅದು ಚಂದಾ ಕಟ್ಟಿದ ಸದಸ್ಯರದು.

ಈ ಎರಡರ ನಡುವೆ ದಾನಿಯ ಜಾಗ ಎಲ್ಲಿ? ಅಮೆರಿಕದ ಉಕ್ಕಿನ ಉದ್ಯಮಿ ಆಂಡ್ರೂ ಕಾರ್ನೆಗಿಯ ಹಣದಿಂದ 1883ರಿಂದ 1929ರವರೆಗೆ 2,509 ಗ್ರಂಥಾಲಯಗಳು ಎದ್ದವು. 1892ರಲ್ಲಿ ಹೋಮ್‌ಸ್ಟೆಡ್‌ನ ಉಕ್ಕಿನ ಕಾರ್ಮಿಕರ ಮುಷ್ಕರವನ್ನು ಅವನ ಕಂಪನಿ ಮುರಿದ ಬಗೆಯನ್ನು ನೆನೆದವರು ಅದನ್ನು ಕೂಲಿಯಿಂದ ಕಡಿದ ಹಣವೆಂದರು. ಮಾತು ತಪ್ಪಲ್ಲ. ಆದರೂ ಅವನ ಷರತ್ತೊಂದನ್ನು ಗಮನಿಸಬೇಕು: ಊರು ನಿವೇಶನ ಕೊಡಬೇಕು, ಕೊಟ್ಟ ಮೊತ್ತದ ಹತ್ತನೇ ಒಂದು ಭಾಗವನ್ನು ಪ್ರತಿವರ್ಷ ಸಾರ್ವಜನಿಕ ಹಣದಿಂದ ನಿರ್ವಹಣೆಗೆ ಎತ್ತಿಡಬೇಕು. ಕಟ್ಟಡ ದಾನದ್ದು, ಬದುಕು ತೆರಿಗೆಯದು. ಕೊಟ್ಟವನು ಹಿಂದೆ ಸರಿದ ಮೇಲೆ ಹೊಣೆ ಊರಿನ ಮೇಲೆ ಉಳಿಯಿತು, ಹಂಗು ಉಳಿಯಲಿಲ್ಲ. ಶರಣರು ದಾನವನ್ನೂ ದಾಸೋಹವನ್ನೂ ಬೇರೆ ಮಾಡಿದ್ದು ಇದೇ ಗೆರೆಯಲ್ಲಿ. ದಾಸೋಹದಲ್ಲಿ ‘ನಾನು ಕೊಟ್ಟೆ’ ಎಂಬುದಕ್ಕೇ ಜಾಗವಿಲ್ಲ. ಎಷ್ಟೋ ಬಾಗಿಲುಗಳ ಮೇಲೆ ಹೆಸರು ಉಳಿದ ಕಾರ್ನೆಗಿ ಶರಣನಲ್ಲ, ಬಿಡಿ.

ಹೆಸರಿಗಿಂತ ತೊಡಕಿನದು ಆಯ್ಕೆ. ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು. ಕೃತಿಯನ್ನು ಆರಿಸಿದವಳೂ ಅವಳೇ. ಶಾಸ್ತ್ರದಾನ ಜೈನರಿಗೆ ಧರ್ಮಕರ್ತವ್ಯ, ಅಲ್ಲಿ ಅದು ಸರಿ. ಎಲ್ಲ ಮತದವರೂ ಬರುವ ಸಾರ್ವಜನಿಕ ಕಪಾಟಿಗೆ ಆ ಅಳತೆ ಸಾಲದು. ನೀಲಗಿರಿಯಲ್ಲೇ ಇನ್ನೊಂದು ಉದಾಹರಣೆ ಇದೆ. ಕೇತಿಯಲ್ಲಿ ನೆಲೆಸಿದ ನಿವೃತ್ತ ನ್ಯಾಯಾಧೀಶ ಕ್ಯಾಸಮೇಜರ್ ಬಡಗರನ್ನು ಕ್ರೈಸ್ತರನ್ನಾಗಿಸುವ ಆಸೆಯಿಂದ ಕನ್ನಡ ಕಲಿತವನು, ಆಸ್ತಿಯನ್ನು ಬಾಸೆಲ್ ಮಿಷನ್ನಿಗೆ ಬಿಟ್ಟವನು. ಮಂಗಳೂರಿನಲ್ಲಿ ಅದೇ ಮಿಷನ್ನಿನ ಮೋಗ್ಲಿಂಗ್ 1848ರಿಂದ ಹೊರತಂದ ‘ಬಿಬ್ಲಿಯೋಥಿಕಾ ಕರ್ನಾಟಿಕಾ’ ಮಾಲೆಗೆ ನೆರವಾದದ್ದು ಅವನ ಹಣ. ಅಚ್ಚಾದದ್ದು? ಬಸವಪುರಾಣ, ಜೈಮಿನಿ ಭಾರತ, ದಾಸರ ಪದಗಳು. ಜನರ ಶಾಸ್ತ್ರವನ್ನು ತಿಳಿಯುವುದರಲ್ಲಿ ಮಿಷನ್ನಿಗೂ ತನ್ನ ಲಾಭವಿತ್ತೆನ್ನಿ. ಆದರೂ ಕೊಟ್ಟವನ ಆಸೆ ಒಂದು ಕಡೆ, ಪುಸ್ತಕ ಇನ್ನೊಂದು ಕಡೆ ಹೋಯಿತು. ಆರಿಸುವ ಕೈ ಕನ್ನಡ ಬಲ್ಲವನದಾಗಿತ್ತು.

ಗ್ರಂಥಾಲಯ ತೆರಿಗೆಯಿಂದ ಬದುಕಬೇಕೆಂಬ ತತ್ವ ಸರಿ, ಆದರೆ ವಸೂಲಾದ ಕರ ಗ್ರಂಥಾಲಯಕ್ಕೆ ತಲುಪುವಷ್ಟರಲ್ಲಿ ಮಕ್ಕಳು ಬೆಳೆದುಬಿಡುತ್ತಾರಲ್ಲ ಎಂಬ ಆಕ್ಷೇಪ ಗಟ್ಟಿಯಾದದ್ದು. ಕರ್ನಾಟಕದಲ್ಲಿ 2019ರಲ್ಲಿ ಐದು ಸಾವಿರಕ್ಕೂ ಹೆಚ್ಚು ಗ್ರಾಮ ಗ್ರಂಥಾಲಯಗಳು ಪಂಚಾಯತ್ ರಾಜ್ ಇಲಾಖೆಗೆ ಬಂದ ಮೇಲೆ ಖಾಸಗಿ ಸಂಸ್ಥೆಗಳೂ ಜನರೂ ಪುಸ್ತಕ, ಕಂಪ್ಯೂಟರ್ ಕೊಟ್ಟರು, ಕಪಾಟುಗಳಿಗೆ ಜೀವ ಬಂತು. ಇದನ್ನು ಬೇಡವೆನ್ನುವುದು ಮೊಂಡುತನ. ಆದರೆ ಮೇಲ್ವಿಚಾರಕರ ಸಂಬಳವೂ ದಾನಿಯಿಂದಲೇ ಬಂದರೆ, ದಾನಿಯ ಮನಸ್ಸು ಬದಲಾದ ದಿನ ಬಾಗಿಲು ಮುಚ್ಚುತ್ತದೆ, ಅಷ್ಟು ಹೊತ್ತಿಗೆ ಪಂಚಾಯತಿ ತನ್ನ ಹೊಣೆಯನ್ನು ಮರೆತಿರುತ್ತದೆ.

ತೆರಿಗೆಗೂ ಒಂದು ಕುರುಡಿದೆ: ಅದು ಬಹುಜನರ ಭಾಷೆಯಲ್ಲಿ ಪುಸ್ತಕ ಕೊಳ್ಳುತ್ತದೆ. ನಂಜನಾಡಿನ ಮನೆಮಾತು ಬಡಗ, ಶಾಲೆ ತಮಿಳಿನದು. ಬಡಗ ಹಾಡು, ಕಥೆಗಳು ಸರ್ಕಾರದ ಖರೀದಿ ಪಟ್ಟಿಗೆ ಸೇರುವುದು ಕಷ್ಟ. ಧರ್ಮದತ್ತಿಯ ಹಣಕ್ಕೆ ನಿಜವಾದ ಕೆಲಸ ಇಲ್ಲಿದೆ: ಹಾಡುವವರ ದನಿ ಮುದ್ರಿಸುವುದು, ಅಚ್ಚು ಹಾಕಿಸುವುದು, ಕಪಾಟಿಗೆ ಸೇರಿಸುವುದು. ಆದರೆ ಯಾವ ಲಿಪಿಯಲ್ಲಿ? ಮಿಷನ್ನಿನವರು ಕನ್ನಡ ಲಿಪಿಯಲ್ಲಿ ಬರೆದರು, ಇಂದಿನ ಮಕ್ಕಳು ಓದುವುದು ತಮಿಳು ಅಕ್ಷರ. ಬೆಂಗಳೂರಿನ ದಾನಿ ಕನ್ನಡ ಲಿಪಿಯೇ ಆಗಲಿ ಎಂದರೆ ಹಂಗು ಹಿಂಬಾಗಿಲಿಂದ ಬಂದ ಹಾಗೆ. ಚೆನ್ನೈಯ ದಾನಿ ತಮಿಳು ಎಂದರೂ ಅಷ್ಟೇ. ಅದನ್ನು ತೀರ್ಮಾನಿಸಬೇಕಾದವರು ಆ ಹಟ್ಟಿಗಳ ಜನ, ಮತ್ತು ಚೆಕ್ಕಿಗೆ ಸಹಿ ಬೀಳಬೇಕಾದದ್ದು ಅವರ ಉತ್ತರ ಬರುವುದಕ್ಕೆ ಮೊದಲು.