ಮೂರು ಸಾರಿ ಎದ್ದು ಬಂದ ಹುಡುಗನು

(ಓದತಕ್ಕ ವೇದಭಾಗ: 1 ಸಮುವೇಲ 3:1-10)



ಶೀಲೋವಿನ ದೇವಾಲಯದಲ್ಲಿ ಮಲಗಿದ್ದ ಬಾಲಕನಾದ ಸಮುವೇಲನು ಒಂದೇ ರಾತ್ರಿಯಲ್ಲಿ ಮೂರು ಸಾರಿ ಎದ್ದು, ಮುದುಕನಾದ ಏಲಿಯ ಬಳಿಗೆ ಓಡಿಬಂದ ಸಂಗತಿಯನ್ನು ನೀವು ಬಲ್ಲಿರಿ. ಕರೆದವನು ದೇವರೆಂಬುದು ಹುಡುಗನಿಗೆ ತಿಳಿಯದು. ಮೊದಲು ಮುದುಕನಿಗೂ ಹೊಳೆಯಲಿಲ್ಲ. ಆದರೂ ನಿದ್ರೆ ಕೆಡಿಸಿದನೆಂದು ಏಲಿಯು ಅವನನ್ನು ಗದರಿಸಲಿಲ್ಲ. ಮೂರನೆಯ ಸಾರಿ ಬಂದಾಗ ಸಂಗತಿಯನ್ನು ಗ್ರಹಿಸಿ, ಅವನು ಮಾಡಬೇಕಾದದ್ದನ್ನು ಹೇಳಿಕೊಟ್ಟನು. ಸ್ವಂತ ಮಕ್ಕಳ ವಿಷಯದಲ್ಲಿ ತಪ್ಪಿದ ಆ ಮುದುಕನು ಈ ಒಂದು ಕಾರ್ಯದಲ್ಲಿ ನಮಗೆ ಗುರುವಾಗಿದ್ದಾನೆ.

ನಾನಾದರೋ ಇದರಲ್ಲಿಯೇ ತಪ್ಪಿದೆನು, ಅದನ್ನು ಮುಚ್ಚಿಡಲಾರೆನು. ಬಿಟ್ಟಂಗಾಲದಲ್ಲಿ ಕಾಫಿ ಕೊಯ್ಲಿನ ದಿನಗಳಲ್ಲಿ ಹತ್ತನೆಯ ತರಗತಿಯ ಹುಡುಗನೊಬ್ಬನು ಮೂರು ಸಂಜೆ ನನ್ನ ಬಾಗಿಲಿಗೆ ಬಂದನು. ಮೊದಲನೆಯ ದಿನ ಪೆನ್ನು ಕೇಳಿದನು. ಎರಡನೆಯ ದಿನ ಭಾನುವಾರದ ಆರಾಧನೆ ಎಷ್ಟು ಗಂಟೆಗೆಂದು ಕೇಳಿದನು. ಅದು ಚಿಕ್ಕಂದಿನಿಂದಲೇ ಅವನಿಗೆ ಗೊತ್ತಿದ್ದ ಸಂಗತಿ! “ಪರೀಕ್ಷೆ ಹತ್ತಿರವಾಯಿತು, ಹೋಗಿ ಓದಿಕೋ” ಎಂದು ಎರಡು ಸಾರಿಯೂ ನಾನು ಕಳುಹಿಸಿಬಿಟ್ಟೆನು. ಮೂರನೆಯ ಸಂಜೆ ನನ್ನ ಹೆಂಡತಿಯು ಅವನ ಮುಖವನ್ನು ನೋಡಿ, “ಊಟವಾಯಿತೇ, ಮಗನೇ?” ಎಂದಳು. ಹುಡುಗನು ಅತ್ತುಬಿಟ್ಟನು. ಎಂಟನೆಯ ತರಗತಿಯಿಂದಲೇ ಅವನಿಗೆ ಗಣಿತವು ತಿಳಿಯದೆ ಹೋಗಿತ್ತು; ಫೇಲಾದರೆ ಮನೆಗೆ ಬರಬೇಡವೆಂದು ತಂದೆಯು ಹೇಳಿದ್ದನು; ರಾತ್ರಿಯೆಲ್ಲಾ ಮೊಬೈಲು ನೋಡುತ್ತಾ ನಿದ್ದೆಗೆಟ್ಟಿದ್ದನು. “ಬದುಕಿ ಏನು ಪ್ರಯೋಜನ, ಅಯ್ಯಾ?” ಎಂದು ಕೇಳಿದನು.

ಆ ರಾತ್ರಿ ಅವನು ನಮ್ಮಲ್ಲಿಯೇ ಉಂಡು ಮಲಗಿದನು. ಮರುದಿನ ಅವನ ತಂದೆಯನ್ನೂ ವೈದ್ಯರನ್ನೂ ಶಾಲೆಯ ಮಾಸ್ತರರನ್ನೂ ಕಂಡೆವು. ಎಂಟನೆಯ ತರಗತಿಯ ಪುಸ್ತಕದಿಂದಲೇ ಗಣಿತವನ್ನು ಪುನಃ ಆರಂಭಿಸಿದನು. ಮೊದಲನೆಯ ಪರೀಕ್ಷೆಯಲ್ಲಿ ತಪ್ಪಿದನು. ಅದೇ ವರ್ಷ ಮತ್ತೆ ಬರೆದು ದಾಟಿದನು. ತಪ್ಪಿದವನು ಅದೇ ವರ್ಷದಲ್ಲಿ ಮತ್ತೆ ಬರೆಯಬಹುದೆಂದು ನಿಮ್ಮಲ್ಲಿ ಎಷ್ಟು ಮಂದಿ ಮಗನಿಗೆ ಹೇಳಿದ್ದೀರಿ?

ಪ್ರಿಯರೇ, 1853ರಲ್ಲಿ ಮೋಗ್ಲಿಂಗ್ ಅಯ್ಯನವರು ಕೊಡಗಿಗೆ ಬಂದು, ಅನ್ಯರ ಹೊಲಗಳಲ್ಲಿ ದುಡಿಯುತ್ತಿದ್ದ ಬಡವರನ್ನು ಆನಂದಪುರದಲ್ಲಿ ಸಭೆಯಾಗಿ ಕೂಡಿಸಿದರು. ರಿಕ್ಟರ್ ಅಯ್ಯನವರು ಮಡಿಕೇರಿಯ ಶಾಲೆಯಲ್ಲಿ ಬಹು ವರ್ಷ ಕಲಿಸಿದರು. ವಿದ್ಯೆಯು ನಮಗೆ ವರವಾಗಿ ಬಂದದ್ದು. ಅದನ್ನು ಮಕ್ಕಳ ಬೆನ್ನಿಗೆ ಬೆತ್ತವಾಗಿ ಮಾಡಬಾರದು.

ಆದದರಿಂದ ತಂದೆತಾಯಿಗಳೇ, ಕೇಳಿರಿ. ಕೊಯ್ಲಿನ ಕೂಲಿಗಾಗಿ ಮಗನನ್ನು ಶಾಲೆ ಬಿಡಿಸಬೇಡಿರಿ. ಪ್ರತಿ ಸಂಜೆ ಒಂದೇ ಹೊತ್ತಿಗೆ, ಒಂದೇ ಸ್ಥಳದಲ್ಲಿ ಅವನು ಓದಲಿ. ಆ ಹೊತ್ತು ಟೀವಿಯು ಮೌನವಾಗಿರಲಿ. ಮಲಗುವಾಗ ಮೊಬೈಲು ತಾಯಿಯ ಬಳಿಯಲ್ಲಿರಲಿ, ತಂದೆಯದೂ ಹಾಗೆಯೇ. ಈ ಪ್ರಾಯದವರಿಗೆ 8ರಿಂದ 10 ಗಂಟೆಯ ನಿದ್ರೆ ಬೇಕೆಂದು ವೈದ್ಯರು ಹೇಳುತ್ತಾರೆ. ಅಂಕವನ್ನು ಕೇಳುವ ಮೊದಲು, “ಯಾವುದು ತಿಳಿಯಲಿಲ್ಲ?” ಎಂದು ಕೇಳಿರಿ. ಹುಡುಗನು ಸಾಯುವ ಮಾತನ್ನು ಆಡಿದರೆ ಅದನ್ನು ಹುಡುಗಾಟವೆಂದು ಎಣಿಸದೆ, ಅವನನ್ನು ಒಂಟಿಯಾಗಿ ಬಿಡದೆ, ಕೂಡಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿರಿ. 14416 ಎಂಬ ಸರಕಾರದ ಸಂಖ್ಯೆಗೆ ಹಗಲಿರುಳು ಉಚಿತವಾಗಿ ಫೋನು ಮಾಡಬಹುದು. ಅಲ್ಲಿ ಕನ್ನಡದಲ್ಲಿಯೂ ಮಾತಾಡುತ್ತಾರೆ. ಹೀಗೆ ಮಾಡುವುದು ಅವಿಶ್ವಾಸವಲ್ಲ; ಎಲೀಯನು ಸಾಯಬೇಕೆಂದು ಬೇಡಿ ಗಿಡದ ಕೆಳಗೆ ಮಲಗಿದಾಗ ದೇವದೂತನು ಅವನಿಗೆ ಉಪದೇಶಕ್ಕಿಂತ ಮೊದಲು ರೊಟ್ಟಿಯನ್ನೂ ನೀರನ್ನೂ ಕೊಟ್ಟನಲ್ಲವೇ?

ಹುಡುಗರೇ, ನೀವು ಒಂದು ಸಾರಿ ಬಂದು ಹೇಳಲಾರದೆ ಹೋದರೆ ಮತ್ತೆ ಬನ್ನಿರಿ. ಮೂರನೆಯ ಸಾರಿಯೂ ಬನ್ನಿರಿ. ಹಿರಿಯರೇ, ಈ ಹೊತ್ತು ನಿಮ್ಮ ಬಾಗಿಲಲ್ಲಿ ಸುಮ್ಮನೆ ನಿಂತಿರುವವನನ್ನು ದೇವರು ಯಾವ ಕೆಲಸಕ್ಕೆ ಕರೆಯುತ್ತಿದ್ದಾನೋ ನೀವು ಅರಿಯಿರಿ. ಅವನನ್ನು ಒಳಕ್ಕೆ ಕರೆಯಿರಿ, ಉಣ್ಣಲಿಕ್ಕೆ ಕೊಡಿರಿ, ಅವನ ಮಾತನ್ನು ಕೇಳಿರಿ. ಕೇಳುವ ಕಿವಿಯನ್ನು ಕರ್ತನು ನಮ್ಮೆಲ್ಲರಿಗೂ ದಯಪಾಲಿಸಲಿ. ಆಮೆನ್.