ಹಿಮದ ಹಾದಿಯಲ್ಲಿ ಈರ್ಯಾಸಮಿತಿ

ಅರಿಯದೆ ನಡೆದ ಹಿಂಸೆಗೆ ಹೊಣೆ ಯಾರು? ಅರಿಯದವನು ನಿರ್ದೋಷಿಯೆ? ಈ ಪ್ರಶ್ನೆಯನ್ನು ಸ್ವಾಧ್ಯಾಯದಲ್ಲಿ ಕುಳಿತು ಎಷ್ಟೋ ಬಾರಿ ಚರ್ಚಿಸಿದ್ದೇನೆ. ಆದರೆ ಅದು ನನ್ನ ಕಾಲಬುಡಕ್ಕೇ ಬಂದು ನಿಂತುದು ಪರದೇಶದಲ್ಲಿ, ಹಿಮದ ನಡುವೆ.

ಮಗನ ಮನೆಯಲ್ಲಿ ಕೆಲವು ತಿಂಗಳು ಇದ್ದು ಬರಲೆಂದು ಕೆನಡಾ ದೇಶಕ್ಕೆ ಹೋದ ನಾನು ಅಲ್ಲಿನ ಚಳಿಗಾಲವನ್ನು ಮೊದಲ ಬಾರಿಗೆ ಕಂಡೆ. ಫೆಬ್ರವರಿ ತಿಂಗಳ ಕೊನೆಯ ಒಂದು ಭಾನುವಾರ ನಾವು ನಾಲ್ವರು ಗೆಳೆಯರು ಟೊರಾಂಟೊ ನಗರದಿಂದ ಉತ್ತರಕ್ಕೆ ಸುಮಾರು 3 ಗಂಟೆಗಳ ಪ್ರಯಾಣ ಮಾಡಿ ಆಲ್ಗೊಂಕ್ವಿನ್ ಉದ್ಯಾನವನ್ನು ತಲಪಿದೆವು. ಉದ್ಯಾನವೆಂದರೆ ಹೂದೋಟವಲ್ಲ, 1893ರಲ್ಲಿ ಸ್ಥಾಪಿತವಾದ, 7,000 ಚದರ ಕಿಲೋಮೀಟರಿಗೂ ಮಿಕ್ಕ ರಕ್ಷಿತಾರಣ್ಯ. ಸರೋವರಗಳು ಹೆಪ್ಪುಗಟ್ಟಿದ್ದವು. ಮೇಪಲ್ ಮರಗಳು ಬರಲಾಗಿ ನಿಂತಿದ್ದವು. ಎತ್ತ ನೋಡಿದರೂ ಬಿಳುಪು, ಮೌನ.

ಚರ್ಮದ ಪಾದರಕ್ಷೆ ನನಗೆ ವರ್ಜ್ಯವೆಂದು ತಿಳಿದಿದ್ದ ಗೆಳೆಯರೊಬ್ಬರು ರಬ್ಬರು ಮತ್ತು ನೈಲಾನಿನ ಬೂಟುಗಳನ್ನು ಹುಡುಕಿ ತಂದಿದ್ದರು. ಅವನ್ನು ತೊಟ್ಟು ನಡೆಯುತ್ತ ನಾನು ಸ್ವಲ್ಪ ಹೆಮ್ಮೆಯಿಂದಲೇ ಹೇಳಿದೆ: “ನಮ್ಮಲ್ಲಿ ಮಳೆಗಾಲದಲ್ಲಿ ಹುಳುಹುಪ್ಪಟೆಗಳು ಹೆಚ್ಚುವುದರಿಂದ ಮುನಿಗಳು ಚಾತುರ್ಮಾಸದಲ್ಲಿ ಒಂದೆಡೆ ನಿಲ್ಲುತ್ತಾರೆ. ಇಲ್ಲಿಯ ಚಳಿಗಾಲವಾದರೋ ಅದಕ್ಕೆ ತೀರ ವಿರುದ್ಧ. ಒಂದು ಇರುವೆಯೂ ಇಲ್ಲ. ನಡೆದಷ್ಟೂ ನಿರ್ದೋಷ.” ಹಿಮವೇ ಅಪ್ಕಾಯ ಜೀವವಲ್ಲವೆ ಎಂದು ವಾಚಕರು ಕೇಳಬಹುದು. ನಿಜ. ಆದರೆ ಸ್ಥಾವರಜೀವಗಳ ಹಿಂಸೆಯನ್ನು ಶ್ರಾವಕನು ಪೂರ್ಣವಾಗಿ ತಪ್ಪಿಸಲಾರ. ನಾನು ಆಡಿದ್ದು ತ್ರಸಜೀವಗಳ ಮಾತು.

ಈ ಭರವಸೆಯಿಂದಲೇ ಜನ ನಡೆದು ಗಟ್ಟಿಯಾಗಿದ್ದ ಹಾದಿಯನ್ನು ಬಿಟ್ಟು, ಒಂದು ದೊಡ್ಡ ಪೈನ್ ಮರದ ಬುಡವನ್ನು ನೋಡಲೆಂದು ಮೊಣಕಾಲುದ್ದದ ಹಿಮದೊಳಗೆ ಹತ್ತಾರು ಹೆಜ್ಜೆ ಇಟ್ಟೆ. ಅಂದು ಬಿಸಿಲು ಹಿತವಾಗಿತ್ತು. ಮರದ ಸುತ್ತ ಹಿಮದ ಮೇಲೆ ಯಾರೋ ಕರಿಮೆಣಸಿನ ಪುಡಿ ಚೆಲ್ಲಿದಂತೆ ಕಾಣುತ್ತಿತ್ತು. ಒಲೆಯ ಮಸಿ ಇರಬೇಕೆಂದುಕೊಂಡೆ.

“ಯಜಮಾನರೇ, ಅಲ್ಲೇ ನಿಲ್ಲಿ. ಸ್ವಲ್ಪ ಬಗ್ಗಿ ನೋಡಿ” ಎಂದು, ಆ ದೇಶದಲ್ಲಿ ಬಹುಕಾಲದಿಂದ ನೆಲೆಸಿರುವ ಗೆಳೆಯರು ಕೂಗಿದರು. ಬಗ್ಗಿ ನೋಡಿದೆ. ಮಸಿಯ ಕಣಗಳು ನೆಗೆಯುತ್ತಿದ್ದವು! ಅವು ಹಿಮಚಿಗಟಗಳೆಂಬ ಆರು ಕಾಲಿನ ಜೀವಿಗಳು. ಹೆಸರು ಚಿಗಟವಾದರೂ ಯಾರನ್ನೂ ಕಚ್ಚುವುದಿಲ್ಲ. ಕೊಳೆತ ಎಲೆ, ಬೂಷ್ಟುಗಳನ್ನು ತಿಂದು ಬದುಕುತ್ತವೆ. ಅವುಗಳ ದೇಹರಸವನ್ನು ಹೆಪ್ಪುಗಟ್ಟದಂತೆ ಕಾಯುವ ಪ್ರೋಟೀನನ್ನು ಅದೇ ಪ್ರಾಂತದ ಕ್ವೀನ್ಸ್ ವಿಶ್ವವಿದ್ಯಾಲಯದ ವಿಜ್ಞಾನಿಗಳು 2005ರಲ್ಲಿ ವಿವರಿಸಿದರು. ನಾನು ಇಟ್ಟ ಹೆಜ್ಜೆಗುರುತುಗಳತ್ತ ತಿರುಗಿ ನೋಡಿದೆ. ಅವುಗಳೊಳಗೂ ಕಪ್ಪು ಚುಕ್ಕೆಗಳಿದ್ದವು. ಎಲ್ಲವೂ ನೆಗೆಯುತ್ತಿರಲಿಲ್ಲ.

ಗೆಳೆಯರು ಇನ್ನೂ ಹೇಳಿದರು. ಹಿಮ ದಪ್ಪವಾಗಿ ಬಿದ್ದಾಗ ನೆಲದ ಕಾವಿನಿಂದ ಅದರ ತಳದ ಪದರ ಸಡಿಲವಾಗಿ, ನೆಲಕ್ಕೂ ಹಿಮಕ್ಕೂ ನಡುವೆ ಟೊಳ್ಳು ಉಂಟಾಗುತ್ತದೆ. ಮೇಲೆ ಗಾಳಿಯ ಉಷ್ಣತೆ ಸೊನ್ನೆಗಿಂತ 20 ಡಿಗ್ರಿ ಕೆಳಗಿದ್ದರೂ ಅಲ್ಲಿ ಹೆಚ್ಚುಕಡಿಮೆ ಸೊನ್ನೆಯಲ್ಲೇ ನಿಲ್ಲುತ್ತದೆ. ಆ ಆಸರೆಯಲ್ಲಿ ಕಾಡಿಲಿಗಳು, ಮೂಗಿಲಿಗಳು ಸುರಂಗ ಮಾಡಿಕೊಂಡು ಚಳಿಗಾಲವನ್ನು ಕಳೆಯುತ್ತವೆ. ತರಗೆಲೆಗಳ ಕೆಳಗೆ ಅಡವಿಯ ಕಪ್ಪೆ ಹೃದಯದ ಬಡಿತವೇ ನಿಂತು, ಹೆಪ್ಪುಗಟ್ಟಿ ಮಲಗಿರುತ್ತದೆ; ವಸಂತದಲ್ಲಿ ಕರಗಿ ಮತ್ತೆ ಕುಪ್ಪಳಿಸುತ್ತದೆ. ಮೇಲಿನ ಹಿಮವನ್ನು ತುಳಿದು ಗಟ್ಟಿಮಾಡಿದರೆ ಟೊಳ್ಳು ಕುಸಿಯುತ್ತದೆ, ಚಳಿ ಕೆಳಕ್ಕೆ ಇಳಿಯುತ್ತದೆ. ನಾನು ನಿಂತಿದ್ದುದು ಬರಿಯ ಬಿಳುಪಿನ ಮೇಲಲ್ಲ, ಒಂದು ಊರಿನ ಮಾಡಿನ ಮೇಲೆ.

ವ್ಯಾಪಾರಿಯಾದ ನನಗೆ ಲೆಕ್ಕದ ಪುಸ್ತಕ ನೆನಪಾಯಿತು. ಏನನ್ನೂ ಬರೆಯದ ಪುಟವನ್ನು ತೋರಿಸಿ “ಸಾಲವಿಲ್ಲ” ಎನ್ನುವವನನ್ನು ಯಾವ ಲೆಕ್ಕಪರಿಶೋಧಕನೂ ನಂಬುವುದಿಲ್ಲ. ನಾನು ಮಾಡಿದ್ದೂ ಅದನ್ನೇ. ಕಾಣಲಿಲ್ಲವಾದ್ದರಿಂದ ಇಲ್ಲವೆಂದೆ, ಇಲ್ಲವೆಂದ ಮೇಲೆ ನಿರ್ದೋಷಿ ಎಂದುಕೊಂಡೆ.

ಹಾಗಾದರೆ ನಡೆಯುವುದೇ ಬೇಡವೆ? ಹಾಗಲ್ಲ. ತತ್ತ್ವಾರ್ಥಸೂತ್ರವು ಹಿಂಸೆಯ ಲಕ್ಷಣವನ್ನು ಹೇಳುವಲ್ಲಿ ಪ್ರಾಣಹಾನಿಯೊಂದನ್ನೇ ಹೇಳದೆ ಪ್ರಮಾದವನ್ನೂ ಸೇರಿಸಿದೆ. ಯತ್ನವಿದ್ದೂ ಆಗುವ ಹಾನಿ ಬೇರೆ, ಅಲಕ್ಷ್ಯದಿಂದ ಆಗುವುದು ಬೇರೆ. ಹೊಸ ನಾಡಿಗೆ ಬಂದ ದಿನ ಅಲ್ಲಿನ ಜೀವಿಗಳನ್ನು ಅರಿಯದಿರುವುದು ಸಹಜ. ಆದರೆ ಅರಿಯದೆಯೇ “ಇಲ್ಲಿ ಜೀವವಿಲ್ಲ” ಎಂದು ತೀರ್ಪು ಕೊಡುವುದು ಪ್ರಮಾದ. ನನ್ನ ದೋಷ ಅಜ್ಞಾನವಲ್ಲ, ಅಜ್ಞಾನದ ಮೇಲಿನ ಭರವಸೆ.

ನಾಲ್ಕು ಮೊಳದಷ್ಟು ಮುಂದಿನ ನೆಲವನ್ನು ನೋಡುತ್ತ, ಹಗಲಿನಲ್ಲಿ, ಜನರೂ ದನಗಳೂ ತುಳಿದು ನಡೆದ ದಾರಿಯಲ್ಲೇ ಮುನಿಗಳು ಸಾಗಬೇಕೆಂಬುದು ಈರ್ಯಾಸಮಿತಿಯ ವಿಧಿ. ತುಳಿದ ದಾರಿಯೇ ಏಕೆ ಎಂಬುದು ಆ ಮರದ ಬುಡದಲ್ಲಿ ನನಗೆ ಹೊಸದಾಗಿ ಅರ್ಥವಾಯಿತು. ಹಿಮದ ಹಾದಿ ಬಿಟ್ಟು ನಡೆಯಬೇಡಿರೆಂದು ಗೆಳೆಯರು ಬೆಳಿಗ್ಗೆಯೇ ಹೇಳಿದ್ದರು. ಅದನ್ನು ನಾನು ನನ್ನ ಕ್ಷೇಮದ ಮಾತೆಂದಷ್ಟೇ ತಿಳಿದಿದ್ದೆ.

ದಯೆಗೂ ಇದೇ ಮಾತು ಸಲ್ಲುತ್ತದೆ. ನಮ್ಮಲ್ಲೊಬ್ಬರು ಜಿಂಕೆಗಳು ಸಿಕ್ಕಾವೆಂದು ಒಂದು ಚೀಲ ಮೆಕ್ಕೆಜೋಳ ತಂದಿದ್ದರು. ಚೀಲವನ್ನು ಬಿಚ್ಚಗೊಡಲಿಲ್ಲ. ಚಳಿಗಾಲದಲ್ಲಿ ಜಿಂಕೆಯ ಹೊಟ್ಟೆ ಕಡ್ಡಿ, ಚಿಗುರುಮೊಗ್ಗುಗಳಿಗೆ ಹೊಂದಿಕೊಂಡಿರುತ್ತದೆ. ಒಮ್ಮೆಲೇ ಕಾಳು ತಿಂದರೆ ಹುಳಿತು ಪ್ರಾಣಕ್ಕೇ ಮುಳುವಾಗಬಹುದು. ತಂದವರ ಕರುಣೆಯಲ್ಲಿ ಕೊರತೆಯಿರಲಿಲ್ಲ, ತಿಳಿವಳಿಕೆಯಲ್ಲಿತ್ತು. ಜ್ಞಾನ ಮೊದಲು, ದಯೆ ಅನಂತರ ಎಂಬ ಹಿರಿಯರ ಕ್ರಮ ದಯೆಯನ್ನು ಕಿರಿದುಮಾಡುವುದಕ್ಕಲ್ಲ, ಅದು ಕೊಲ್ಲದಂತೆ ಕಾಯುವುದಕ್ಕೆ.

ಹಿಂದಿರುಗುವಾಗ ನನ್ನ ಹಳೆಯ ಹೆಜ್ಜೆಗಳಲ್ಲೇ ಒಂದೊಂದಾಗಿ ಕಾಲಿಟ್ಟು ಹಾದಿಗೆ ಬಂದೆ. ಮುರಿದ ಮಾಡನ್ನು ಮತ್ತೆ ಕಟ್ಟಲಾರೆ, ಹೊಸದೊಂದನ್ನು ಮುರಿಯದಿರಬಲ್ಲೆ. ಅಂದು ಸಂಜೆಯ ಪ್ರತಿಕ್ರಮಣದಲ್ಲಿ ಹೆಸರರಿಯದ ಜೀವಿಗಳಲ್ಲಿ ಕ್ಷಮೆ ಬೇಡಿದೆ. ಮರುದಿನ ಮೊಮ್ಮಗಳನ್ನು ಕರೆದುಕೊಂಡು ಗ್ರಂಥಾಲಯಕ್ಕೆ ಹೋಗಿ ಆ ನಾಡಿನ ಪ್ರಾಣಿಗಳ ಪುಸ್ತಕವೊಂದನ್ನು ತಂದೆ. ಪರದೇಶದಲ್ಲಿ ನೆಲೆಸಿರುವ ನಮ್ಮ ಮಕ್ಕಳು ಆಹಾರದಲ್ಲಿ ಅಹಿಂಸೆಯನ್ನು ಶ್ರದ್ಧೆಯಿಂದ ಪಾಲಿಸುತ್ತಾರೆ. ಅದರ ಜತೆಗೆ ತಾವು ಕಾಲಿಡುವ ನೆಲದಲ್ಲಿ ಯಾರು ಯಾರು ವಾಸಿಸುತ್ತಾರೆಂಬುದನ್ನೂ ಕಲಿಯಲಿ. ನೆರೆಯವರನ್ನು ಅರಿಯದೆ ಅವರನ್ನು ನೋಯಿಸದಿರುವುದು ಹೇಗೆ?