ನಡುವೆ ಕೂರಲೊಲ್ಲದ ಕರ್ಣ

ಕುಮಾರವ್ಯಾಸನ ಉದ್ಯೋಗಪರ್ವದಲ್ಲಿ ಕೃಷ್ಣ ಕರ್ಣನನ್ನು ರಥದಲ್ಲಿ ಪಕ್ಕಕ್ಕೆ ಕೂರಿಸಿಕೊಂಡು ಹುಟ್ಟಿನ ಗುಟ್ಟು ಹೇಳುತ್ತಾನೆ. ಅಷ್ಟಕ್ಕೇ ಬಿಡುವುದಿಲ್ಲ, ಕಣ್ಣೆದುರಿಗೆ ಒಂದು ಓಲಗವನ್ನೇ ಕಟ್ಟುತ್ತಾನೆ. ಎಡಕ್ಕೆ ಕೌರವರು, ಬಲಕ್ಕೆ ಪಾಂಡವರು, ಎದುರಿಗೆ ಮಾದ್ರ, ಮಾಗಧ, ಯಾದವರು. ನಡುವೆ ನೀನು. ಇದನ್ನು ಬಿಟ್ಟು ಕುರುಪತಿ ಮಾತಾಡಿಸಿದಾಗ ತಲೆಬಾಗಿ ನಿಲ್ಲುವ ಬಾಳು ಯಾಕಪ್ಪಾ ಎಂಬ ಧಾಟಿ.

ಮನೆಯಲ್ಲಿ ಈ ಷಟ್ಪದಿಯನ್ನು ಗಟ್ಟಿಯಾಗಿ ಓದಿಕೊಂಡಾಗಲೆಲ್ಲ ಬೆರಗಾಗುತ್ತದೆ. ಇಲ್ಲಿ ವಾದವೇ ಇಲ್ಲ, ಯಾರು ಎಲ್ಲಿ ಕೂರುತ್ತಾರೆ ಎಂಬುದಷ್ಟೇ. ಭಾಮಿನಿ ಷಟ್ಪದಿಯಲ್ಲಿ 14 ಮಾತ್ರೆಯ ಎರಡೆರಡು ಸಾಲಿನ ಬೆನ್ನಿಗೆ 23 ಮಾತ್ರೆಯ ಒಂದು ಉದ್ದ ಸಾಲು ಬರುತ್ತದೆ. ಮೊದಲ ಮೂರು ಸಾಲಿನಲ್ಲಿ ಸಭೆ ತುಂಬುತ್ತದೆ, ಕರ್ಣನಿಗೆ ಇನ್ನೂ ಜಾಗವಿಲ್ಲ. ನಾಲ್ಕನೆಯದು ಶುರುವಾಗುತ್ತಲೇ ಅವನು ಸಿಂಹಾಸನದಲ್ಲಿ! ಕೊನೆಯ ಉದ್ದ ಸಾಲು ಮಾತ್ರ ಅವನ ಊಳಿಗದ ಬಾಳಿಗೆ ಮೀಸಲು. ಗಮಕಿಗಳು ಆ ಸಾಲನ್ನು ಎಳೆದು ಹಾಡಿದರೆ ಚುಚ್ಚುವುದು ಇನ್ನೂ ಜಾಸ್ತಿ.

ಈ ಎಡಬಲ ಓದುವಾಗ ನಮ್ಮೂರ ಪಕ್ಕದ ಹರಿಹರ ನೆನಪಾಗುತ್ತದೆ. ಅಲ್ಲಿ, ಹೊಯ್ಸಳರ ದಂಡನಾಯಕ ಪೋಲಾಳ್ವ 1224ರಲ್ಲಿ ಕಟ್ಟಿಸಿದ ಗುಡಿಯಲ್ಲಿ, ಒಂದೇ ಮೂರ್ತಿಯ ಬಲಭಾಗ ಹರ, ಎಡಭಾಗ ಹರಿ. ಅಲ್ಲಿ ಕೈಮುಗಿಯುವವನು ಯಾರನ್ನೂ ಬಿಡಬೇಕಾಗಿಲ್ಲ. ಕೃಷ್ಣ ಕರ್ಣನಿಗೆ ತೋರಿಸಿದ್ದೂ ಅಂಥದೇ ಒಂದು ಮೂರ್ತಿ. ಎಡಬಲ ಬೆಸೆಯುವ ಮೈ ಮಾತ್ರ ಅವನದಾಗಬೇಕಿತ್ತು.

ಕರ್ಣನ ಉತ್ತರ ಬಾಯಿಂದ ಹೊರಡುವುದಿಲ್ಲ. ಮೊದಲು ಕೊರಳ ನರ ಉಬ್ಬುತ್ತದೆ, ಕಣ್ಣೀರು ನುಗ್ಗುತ್ತದೆ. ಆಮೇಲೆ ಮನಸ್ಸಿಗೆ ಬರುವ ಮೊದಲ ಚಿಂತೆ ತನ್ನದಲ್ಲ: ಅಯ್ಯೋ, ದುರ್ಯೋಧನನಿಗೆ ಕೇಡಾಯಿತಲ್ಲಾ ಎಂಬುದು. ಅಳೆದು ತೂಗಿ ಆರಿಸುವುದು ಅಂತೀವಲ್ಲ, ಅದರ ಸುಳಿವೇ ಇಲ್ಲ. ಮೈ ಆಗಲೇ ತೀರ್ಮಾನಿಸಿಬಿಟ್ಟಿದೆ. ಒಲ್ಲೆ ಎಂಬ ಮಾತು ಆಮೇಲಿನದು.

ಅಲ್ಲೇ ಬರುತ್ತದೆ ಆ ರೂಪಕ. ಹರಿಯ ಹಗೆ ಹೊಗೆ ತೋರದೆ ಸುಡುವ ಬೆಂಕಿ. ರೂಪಕ ಸಾಮ್ರಾಜ್ಯ ಚಕ್ರವರ್ತಿ ಎನಿಸಿಕೊಂಡ ಕವಿ ಇಲ್ಲಿ ಎಷ್ಟು ಮಿತವ್ಯಯಿ! ರಾಜ್ಯ, ಅಮ್ಮ, ತಮ್ಮಂದಿರು, ಎಲ್ಲ ಕೊಡುವ ಮಾತೇ ಉರಿಯುತ್ತಿದೆ ಎಂದು ಕಂಡುಕೊಳ್ಳಲು ಕರ್ಣನಿಗೆ ಆ ಒಂದು ಚಿತ್ರ ಸಾಕಾಗಿದೆ. ಕುಮಾರವ್ಯಾಸನೋ ಗದುಗಿನ ವೀರನಾರಾಯಣನ ಪರಮಭಕ್ತ, ತನ್ನ ಕಾವ್ಯವನ್ನು ಕೃಷ್ಣಕಥೆಯೆಂದೇ ಕರೆದವನು. ಆದರೂ ವಂಶ ತಿಳಿಸಿಯೇ ನನ್ನನ್ನು ಕೊಂದ ಎಂಬ ಕರ್ಣನ ದೂರನ್ನು ಅವನು ತಿದ್ದಲು ಹೋಗಿಲ್ಲ.